ಅನಿಲ ಸೋರಿಕೆಯ ಕಾಲದಲ್ಲಿ ದೂರಸಂಪರ್ಕ ಜಾಲದ ರಕ್ಷಣೆ: ಗ್ರಾಮ ಪಂಚಾಯಿತಿ ಸದಸ್ಯರಿಗೆ ಅಧ್ಯಯನ ಪಾಠ



2013ರ ಏಪ್ರಿಲ್ 9ರಂದು ಮಂಗಳೂರು–ಬೆಂಗಳೂರು ಹೆದ್ದಾರಿಯ ಪೆರ್ನೆಯಲ್ಲಿ ಅಡುಗೆ ಅನಿಲದ ಟ್ಯಾಂಕರ್ ಉರುಳಿ ಬೆಂಕಿ ಹೊತ್ತಿಕೊಂಡು ಹಲವರು ಮೃತಪಟ್ಟರು. ಅದೇ ಹೆದ್ದಾರಿ ಸಕಲೇಶಪುರ, ಹಾಸನಗಳ ಮೂಲಕ ನಮ್ಮ ಜಿಲ್ಲೆಯನ್ನು ಹಾಯುತ್ತದೆ. ಹಾಸನ–ಅರಸೀಕೆರೆ ರಸ್ತೆಯ ಹಾರನಹಳ್ಳಿಯಂತಹ ಊರುಗಳಲ್ಲಿ ಇಂತಹ ಅವಘಡ ಸಂಭವಿಸಿದರೆ ದೂರವಾಣಿ ಹೇಗೆ ಉಳಿಯಬೇಕೆಂಬುದೇ ಈ ಪಾಠದ ವಿಷಯ.

ಸಮಸ್ಯೆಯ ಸ್ವರೂಪ

ಅಡುಗೆ ಅನಿಲವು ಗಾಳಿಗಿಂತ ಭಾರವಾದುದು. ಅದು ನೆಲಕ್ಕಂಟಿ ಚರಂಡಿ, ಹಳ್ಳಗಳ ಕಡೆಗೆ ಹರಿಯುತ್ತದೆ. ಒಂದು ಕಿಡಿ ಸಾಕು. ಆದ್ದರಿಂದ ಆ ವಲಯದ ವಿದ್ಯುತ್ತನ್ನು ದೂರದಿಂದಲೇ ಕಡಿತಗೊಳಿಸಬೇಕಾಗುತ್ತದೆ. ವಿದ್ಯುತ್ ನಿಂತೊಡನೆ ಮೊಬೈಲ್ ಗೋಪುರವು ಬ್ಯಾಟರಿಯನ್ನು ಅವಲಂಬಿಸುತ್ತದೆ. ಅದು ಕೆಲವು ಗಂಟೆಗಳಷ್ಟೇ ಬಾಳುತ್ತದೆ. ಅನೇಕ ಗೋಪುರಗಳಲ್ಲಿ ಡೀಸೆಲ್ ಜನರೇಟರ್ ತಾನಾಗಿಯೇ ಚಾಲೂ ಆಗುತ್ತದೆ. ಅನಿಲ ಹರಡಿದ ಜಾಗದಲ್ಲಿ ಅದೇ ಕಿಡಿಯ ಮೂಲವಾಗಬಲ್ಲದು. ಅತ್ತ ತೆರವುಗೊಳಿಸಿದ ವಲಯದೊಳಗೆ ಡೀಸೆಲ್ ಒಯ್ಯಲು ಯಾರೂ ಹೋಗುವಂತಿಲ್ಲ. ಜನರಿಗೆ ಸೂಚನೆ ಅತ್ಯಗತ್ಯವಾದ ಗಳಿಗೆಯಲ್ಲೇ ಜಾಲ ಮೌನವಾಗುವ ಸಂಭವವಿದೆ.

ಮುಂಚಿತವಾಗಿ ಮಾಡತಕ್ಕ ಕಾರ್ಯಗಳು

1. ಪಂಚಾಯಿತಿ ವ್ಯಾಪ್ತಿಯ ಪ್ರತಿ ಗೋಪುರದ ಸ್ಥಳ, ನಿರ್ವಹಣಾ ಸಂಸ್ಥೆಯ ತುರ್ತು ದೂರವಾಣಿ, ಜನರೇಟರ್ ಇದೆಯೇ ಎಂಬ ವಿವರ, ಹಾಗೂ ಸೆಸ್ಕ್‌ನ ಉಪಕೇಂದ್ರದ ಸಂಖ್ಯೆಯನ್ನು ಕಾಗದದ ಮೇಲೆ ಬರೆದಿಡತಕ್ಕದ್ದು.

2. ಭಾರತ್‌ನೆಟ್ ಉಪಕರಣದ ಬ್ಯಾಟರಿಯನ್ನು ಪ್ರತಿ ತಿಂಗಳು ಪರೀಕ್ಷಿಸತಕ್ಕದ್ದು. ಆಪ್ಟಿಕಲ್ ತಂತಿ ಹೂತಿರುವ ಮಾರ್ಗವನ್ನು ಗುರುತಿಸತಕ್ಕದ್ದು. ತುರ್ತಿನಲ್ಲಿ ಮಣ್ಣಿನ ಒಡ್ಡು ಕಟ್ಟಲು ಬಂದ ಜೆಸಿಬಿ ಆ ತಂತಿಯನ್ನೇ ತುಂಡರಿಸಬಾರದು.

3. ದೂರವಾಣಿ ನಿಂತರೆ ಡಂಗುರ ಸಾರುವವರು ಯಾರು, ಯಾವ ಬೀದಿಗೆ ಯಾರು ಎಂಬುದನ್ನು ನಿಗದಿಪಡಿಸತಕ್ಕದ್ದು. ಚೆನ್ನಕೇಶವ, ಸೋಮೇಶ್ವರ ದೇವಾಲಯಗಳಿಗೆ ಬರುವ ಪ್ರವಾಸಿಗರಿಗೆ ಊರಿನ ದಾರಿ ತಿಳಿಯದು, ಅವರನ್ನು ಮರೆಯಬಾರದು.

ಅವಘಡದ ಸಮಯದಲ್ಲಿ

ಮೊದಲು ಗಾಳಿ ಬೀಸುವ ದಿಕ್ಕಿಗೆ ಎದುರಾಗಿ ದೂರ ಸರಿದು, ಅನಂತರವೇ ಮೊಬೈಲ್ ಬಳಸತಕ್ಕದ್ದು. ಭಾರಿ ಸೋರಿಕೆಯಿದ್ದಲ್ಲಿ ಗಾಳಿ ಸಾಗುವ ದಿಕ್ಕಿನಲ್ಲಿ ಕನಿಷ್ಠ 800 ಮೀಟರ್, ಟ್ಯಾಂಕರಿಗೆ ಬೆಂಕಿ ತಗುಲಿದ್ದರೆ ಸುತ್ತಲೂ 1,600 ಮೀಟರ್ ತೆರವುಗೊಳಿಸುವುದು ಅಂತರರಾಷ್ಟ್ರೀಯ ಮಾರ್ಗದರ್ಶಿಯ ಅಳತೆ. 112 ಅಥವಾ 101ಕ್ಕೆ ಕರೆಮಾಡಿ ಸ್ಥಳ, ಗಾಳಿಯ ದಿಕ್ಕು, ಟ್ಯಾಂಕರಿನ ಫಲಕದ ಸಂಖ್ಯೆಯನ್ನು ತಿಳಿಸಿರಿ. 1075 ಎಂದಿದ್ದರೆ ಅಡುಗೆ ಅನಿಲ, 1017 ಎಂದಿದ್ದರೆ ಕ್ಲೋರಿನ್. ಫಲಕ ಓದಲು ಹತ್ತಿರ ಹೋಗಬಾರದು. ಅನಿಲ ಸೋರಿಕೆಗೆ 1906, ಜಿಲ್ಲಾ ನಿಯಂತ್ರಣ ಕೊಠಡಿಗೆ 1077.

ವಲಯದೊಳಗಿನ ಗೋಪುರದ ಜನರೇಟರ್ ಚಾಲೂ ಆಗದಂತೆ ದೂರದಿಂದಲೇ ತಡೆಯಲು ನಿರ್ವಹಣಾ ಸಂಸ್ಥೆಗೆ ಪೊಲೀಸರ ಮೂಲಕ ತಿಳಿಸತಕ್ಕದ್ದು. ವಲಯದ ಹೊರಗಿನ ಗೋಪುರಗಳಿಗೆ ಡೀಸೆಲ್ ತುಂಬಿಸಲು ಅದೇ ಕರೆಯಲ್ಲಿ ಕೋರತಕ್ಕದ್ದು. ಊರಿಗೆ ಉಳಿಯುವ ಸಂಪರ್ಕ ಅವುಗಳಿಂದಲೇ. ಒಂದು ಕಂಪನಿಯ ಜಾಲ ನಿಂತಾಗ ಅದರ ಗ್ರಾಹಕರು ಇನ್ನೊಂದರ ಜಾಲ ಬಳಸುವ ವ್ಯವಸ್ಥೆಯನ್ನು ದೂರಸಂಪರ್ಕ ಇಲಾಖೆ ಚಾಲನೆಗೊಳಿಸಬಲ್ಲದು. ಜಿಲ್ಲಾಧಿಕಾರಿಗಳ ಮೂಲಕ ವಿನಂತಿಸಬಹುದು. ಜನರು ಕರೆಗಳ ಬದಲು ಸಂದೇಶ ಕಳುಹಿಸಿದರೆ ಜಾಲದ ಮೇಲಿನ ಒತ್ತಡ ಇಳಿಯುತ್ತದೆ. ವಿಡಿಯೊ ಚಿತ್ರೀಕರಣಕ್ಕಾಗಿ ಗುಂಪು ಸೇರುವುದನ್ನು ತಡೆಯತಕ್ಕದ್ದು.

ವಿಪತ್ತು ನಿರ್ವಹಣಾ ಅಧಿನಿಯಮ, 2005ರ 41ನೇ ಪ್ರಕರಣವು ಸಿಬ್ಬಂದಿಯ ತರಬೇತಿ ಹಾಗೂ ಸಂಪನ್ಮೂಲಗಳ ಸನ್ನದ್ಧತೆಯನ್ನು ಸ್ಥಳೀಯ ಪ್ರಾಧಿಕಾರದ ಕರ್ತವ್ಯವೆಂದು ವಿಧಿಸಿದೆ. ಮುಂದಿನ ಸಾಮಾನ್ಯ ಸಭೆಯಲ್ಲಿ ಮೇಲಿನ ಪಟ್ಟಿಯನ್ನು ಮಂಡಿಸಿ, ಪ್ರತಿ ಗೋಪುರಕ್ಕೂ ಒಬ್ಬ ಸದಸ್ಯರನ್ನು ಹೊಣೆಗಾರರನ್ನಾಗಿ ನೇಮಿಸಿ, ನಡವಳಿಯಲ್ಲಿ ದಾಖಲಿಸುವುದು.