ಮೊದಲು ತಾರಸಿ ಹತ್ತು

ಮಗು, ದೇವರಾಜ ಮಾರುಕಟ್ಟೆಯ ಆಸುಪಾಸಿನ ಹಳೇ ಮನೆಯೊಂದನ್ನು ಕೆಡವಿ ನಾಲ್ಕು ಅಂತಸ್ತು ಕಟ್ಟಿಸಲು ಯಜಮಾನರು ನಕ್ಷೆ ಕೇಳಿದ್ದಾರೆ, ಒಪ್ಪಿಕೊಳ್ಳಲೇ ಬೇಡವೇ ದೊಡ್ಡಪ್ಪ ಎಂದು ಕೇಳಿದ್ದೀಯ. ಒಪ್ಪಿದರೆ ನಿನ್ನ ಜೊತೆ ಓದಿದವರಲ್ಲಿ ಅರ್ಧ ಜನ ಪರಂಪರೆಗೆ ದ್ರೋಹ ಮಾಡಿದಳು ಅನ್ನುತ್ತಾರೆ. ಒಪ್ಪದಿದ್ದರೆ ಉಳಿದರ್ಧ ಜನ ಬದುಕಲು ಬಾರದವಳು ಅನ್ನುತ್ತಾರೆ. ಯಾರ ಮಾತಿಗೂ ಈಗಲೇ ತಲೆಯಾಡಿಸಬೇಡ. ಮೊದಲು ಏಣಿ ಹಾಕಿಸಿಕೊಂಡು ಆ ಮನೆಯ ತಾರಸಿ ಹತ್ತು.

ಕಟ್ಟಡದ ಕೆಲಸದಲ್ಲೇ ತಲೆ ನರೆಸಿಕೊಂಡವನು ಹೇಳುತ್ತಿದ್ದೇನೆ, ನಮ್ಮೂರಿನ ಹಳೇ ಗೋಡೆಗಳನ್ನು ಜೆಸಿಬಿಗಿಂತ ಹೆಚ್ಚಾಗಿ ತಿಂದದ್ದು ನೀರು. ವೈಸ್‌ರಾಯ್ ಲ್ಯಾನ್ಸ್‌ಡೌನ್ ಮೈಸೂರಿಗೆ ಬಂದ ನೆನಪಿಗೆ 1892ರಲ್ಲಿ ಎದ್ದ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರ ಆಗಸ್ಟಿನಲ್ಲಿ ಕುಸಿದು ನಾಲ್ವರು ಸತ್ತರು. ನಾವೆಲ್ಲ ಹಳೇ ಪುಸ್ತಕ ಹುಡುಕಿಕೊಂಡು ಅಲೆದ ಜಾಗ ಅದು. ದೇವರಾಜ ಮಾರುಕಟ್ಟೆಯಲ್ಲಿ ಧನ್ವಂತರಿ ರಸ್ತೆ ಕಡೆಯ ಹೆಬ್ಬಾಗಿಲು ಬಿದ್ದದ್ದು 2016ರ ಆಗಸ್ಟಿನಲ್ಲಿ, ಅದೂ ದುರಸ್ತಿ ನಡೆಯುತ್ತಿದ್ದಾಗ. ಕಾರಣಗಳ ಪಟ್ಟಿ ಉದ್ದ ಇರಬಹುದು. ಆದರೆ ಎರಡೂ ಮಳೆಗಾಲದಲ್ಲೇ ಬಿದ್ದದ್ದು ಕಾಕತಾಳೀಯ ಎಂದು ನನಗಂತೂ ಅನ್ನಿಸುವುದಿಲ್ಲ. ಬಿದ್ದ ಮೇಲೆ ಸಮಿತಿಗಳು ಬಂದವು. ಒಂದು ಉಳಿಸಿ ಅಂದಿತು, ಇನ್ನೊಂದು ಕೆಡವಿ ಕಟ್ಟಿ ಅಂದಿತು, ಜಗಳ ಹೈಕೋರ್ಟಿನ ಮೆಟ್ಟಿಲು ಹತ್ತಿತು. ಅಷ್ಟು ವಿದ್ವತ್ತಿನಲ್ಲಿ ಒಂದು ಪಾಲು ಮೂವತ್ತು ವರ್ಷ ಮುಂಚೆ ತಾರಸಿಯ ಬಿರುಕಿನ ಮೇಲೆ ಖರ್ಚಾಗಿದ್ದರೆ ಸಾಕಿತ್ತು.

ಆ ಕಾಲದ ಮನೆಗಳಿಗೆ ಸಾಮಾನ್ಯವಾಗಿ ಇರುವುದು ಮದ್ರಾಸ್ ತಾರಸಿ. ತೇಗದ ಜಂತೆಗಳ ಮೇಲೆ ತೆಳು ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ ಸುಣ್ಣದ ಗಾರೆಯಲ್ಲಿ ಕೂರಿಸುತ್ತಿದ್ದರು. ಅದರ ಮೇಲೆ ಇಟ್ಟಿಗೆ ಚೂರು ಕಲೆಸಿದ ಸುಣ್ಣ ಹಾಸಿ, ಬೆಲ್ಲ ಮತ್ತು ಅಳಲೆಕಾಯಿ ನೆನೆಸಿದ ನೀರು ಚಿಮುಕಿಸುತ್ತ ದಿನಗಟ್ಟಲೆ ಮರದ ಹಲಗೆಯಿಂದ ತಟ್ಟುತ್ತಿದ್ದರು. ಆ ತಾರಸಿಗೆ ಶತಮಾನದ ಆಯಸ್ಸಿದೆ, ನೀರು ನಿಲ್ಲದಂತೆ ನೋಡಿಕೊಂಡರೆ. ಈಗ ಅದರ ಮೇಲೆ ಏನಿದೆ ನೋಡು. ಸಾವಿರ ಲೀಟರಿನ ಪ್ಲಾಸ್ಟಿಕ್ ಟ್ಯಾಂಕ್ ಇದ್ದರೆ, ತುಂಬಿದಾಗ ನೀರಿನದೇ ಒಂದು ಟನ್ ಭಾರ. ನೀರು ಇಳಿಯುವ ಕೊಳವೆಯ ಬಾಯಲ್ಲಿ ಕಸ ಕಟ್ಟಿರುತ್ತದೆ, ಕೈಪಿಡಿ ಗೋಡೆಯ ಸಂದಿಯಲ್ಲಿ ಅರಳಿ ಗಿಡ ಹುಟ್ಟಿರುತ್ತದೆ. ಪಾಪ ಬರುತ್ತದೆ ಎಂದು ಯಾರೂ ಅದನ್ನು ಕೀಳುವುದಿಲ್ಲ. ಕಿತ್ತರೂ ಎಲೆ ಮಾತ್ರ ಕೀಳುತ್ತಾರೆ, ಬೇರು ಗೋಡೆಯೊಳಗೆ ತನ್ನ ಕೆಲಸ ಮುಂದುವರಿಸುತ್ತದೆ.

ಜಂತೆಯ ತುದಿ ಗೋಡೆಯೊಳಗೆ ಹೊಕ್ಕಿರುವ ಕಡೆಯೇ ಕೊಳೆತ ಮೊದಲು ಶುರುವಾಗುವುದು. ಕೆಳಗೆ ನಿಂತು ನೋಡಿದರೆ ಅದು ಕಾಣದು, ದಪ್ಪ ಮೊಳೆಯಿಂದ ಚುಚ್ಚಿ ನೋಡು. ಗೋಡೆಯ ಕೆಳಭಾಗಕ್ಕೆ ಸಿಮೆಂಟು ಬಳಿದಿದ್ದಾರೆಯೇ ಎಂದೂ ನೋಡು, ಬಳಿದೇ ಇರುತ್ತಾರೆ. ಸುಣ್ಣದ ಗೋಡೆ ಮಳೆಗೆ ನೀರು ಕುಡಿದು ಬಿಸಿಲಿಗೆ ಬಿಡುತ್ತದೆ. ಮೇಲೆ ಸಿಮೆಂಟು ಬಿದ್ದರೆ ಕುಡಿದದ್ದು ಒಳಗೇ ಉಳಿದು ಇಟ್ಟಿಗೆ ಪುಡಿಯಾಗುತ್ತದೆ. ಗಟ್ಟಿ ಮಾಡುತ್ತೇವೆಂದು ಮಾಡಿದ ಕೆಲಸವೇ ಗೋಡೆಗೆ ಕುತ್ತು. ಇಷ್ಟನ್ನೂ ಬರೆದುಕೊಂಡು, ಮನೆಯ ಒಂದೊಂದು ಕೋಣೆಯನ್ನೂ ಅಳತೆ ಮಾಡಿ ನಕ್ಷೆ ತೆಗೆದ ಮೇಲೆ ಉಳಿಸುವ, ಕೆಡಹುವ ಮಾತು. ಕೊನೆಗೆ ಕೆಡಹುವುದೇ ಆದರೂ ಆ ನಕ್ಷೆ ಉಳಿಯಲಿ.

ಇನ್ನು ಯಜಮಾನರ ವಿಷಯ. ಅವರನ್ನು ಖಳನಾಯಕ ಮಾಡಬೇಡ. ಇಂಥ ಮನೆಗಳಲ್ಲಿ ಸಾಮಾನ್ಯವಾಗಿ ಅಣ್ಣತಮ್ಮಂದಿರ ಪಾಲು ಇತ್ಯರ್ಥವಾಗಿರುವುದಿಲ್ಲ. ಮುಂದಿನ ಅಂಗಡಿಯವರು ಅಪ್ಪನ ಕಾಲದ ಬಾಡಿಗೆ ಕೊಡುತ್ತಿರುತ್ತಾರೆ, ಅವರೂ ಒಳಬಾಡಿಗೆಗೆ ಬಿಟ್ಟಿರುತ್ತಾರೆ. ಆ ಬಾಡಿಗೆಯಲ್ಲಿ ತಾರಸಿ ಸೋರುವುದನ್ನು ನಿಲ್ಲಿಸಲಾಗದು. ಹಾಗಾಗಿ ಪರಂಪರೆಯ ಭಾಷಣ ಬಿಟ್ಟು ಅವರ ಮುಂದೆ ಲೆಕ್ಕ ಇಡು. ಕೆಡವಿ ಕಟ್ಟಲು ಎಷ್ಟು, ಅಷ್ಟು ದಿನ ಬಾಡಿಗೆ ಇಲ್ಲದೆ ಆಗುವ ನಷ್ಟ ಎಷ್ಟು. ಬೀದಿ ಕಡೆಯ ಜಗಲಿ, ಕಂಬ, ಮುಂಗೋಣೆ ಉಳಿಸಿಕೊಂಡು, ಹಿತ್ತಿಲ ಕಡೆ ಹೊಸದಾಗಿ ಮೂರು ಅಂತಸ್ತು ಏರಿಸಿದರೆ ಎಷ್ಟು. ಹೊಸದು ಹಿಂದಕ್ಕೆ ಸರಿದು ನಿಂತರೆ ಬೀದಿಯಲ್ಲಿ ನಡೆಯುವವರ ಕಣ್ಣಿಗೆ ಹಳೇ ಸಾಲು ಹಾಗೇ ಇರುತ್ತದೆ. ಇದರಲ್ಲಿ ಅವರಿಗೆ ಒಂದೆರಡು ಕೋಣೆ ಕಡಿಮೆಯಾಗುತ್ತದೆ ನಿಜ. ಆ ನಷ್ಟಕ್ಕೆ ಊರು ಏನಾದರೂ ಕೊಡಬೇಕು. ಮುಂಬಯಿಯವರು 1995ರ ನಿಯಮಗಳಲ್ಲೇ ಅದಕ್ಕೆ ದಾರಿ ಮಾಡಿದರು. ಪಾರಂಪರಿಕ ಕಟ್ಟಡವನ್ನು ಉಳಿಸಿಕೊಂಡವನು, ತಾನು ಏರಿಸದೆ ಬಿಟ್ಟ ಅಂತಸ್ತಿನ ಹಕ್ಕನ್ನು ಬೇರೆ ಕಡೆ ಕಟ್ಟುವವನಿಗೆ ಮಾರಬಹುದು. ಟಿಡಿಆರ್ ಅನ್ನುತ್ತಾರಲ್ಲ, ಅದೇ. ನಮ್ಮಲ್ಲಿ ಇದು ರಸ್ತೆ ಅಗಲ ಮಾಡುವಾಗ ಹೆಚ್ಚು ನೆನಪಾಗುತ್ತದೆ, ಮನೆ ಉಳಿಸುವಾಗ ಕಡಿಮೆ. ನಿನ್ನಂಥವರು ಪಾಲಿಕೆಯ ಸಭೆಯಲ್ಲಿ ಹಠ ಹಿಡಿದು ಕೇಳಬೇಕಾದದ್ದು ಇದನ್ನು.

ಹಳೆಯದೆಲ್ಲ ಅನಾದಿಯಿಂದ ಹೀಗೇ ಇತ್ತು ಎನ್ನುವವರ ಜೊತೆ ಸೇರಬೇಡ. 1897ರಲ್ಲಿ ಮರದ ಅರಮನೆ ಸುಟ್ಟುಹೋಯಿತು. ಹೆನ್ರಿ ಇರ್ವಿನ್ ನಕ್ಷೆಯ ಈಗಿನ ಅರಮನೆ ಮುಗಿದದ್ದು 1912ರಲ್ಲಿ. ನಡುವೆ ಪ್ಲೇಗ್ ಬಂತು, 1903ರಲ್ಲಿ ನಗರಾಭಿವೃದ್ಧಿಗೆಂದೇ ಒಂದು ಟ್ರಸ್ಟ್ ಬೋರ್ಡ್ ಆಯಿತು, ಇಕ್ಕಟ್ಟಿನ ಕೇರಿಗಳನ್ನು ಬಿಡಿಸಿ ಹೊಸ ಬಡಾವಣೆ ಮಾಡಿದರು. ಇವತ್ತು ನಾವು ಹಳೇ ಮೈಸೂರು ಎಂದು ಹಂಬಲಿಸುವುದರಲ್ಲಿ ದೊಡ್ಡ ಪಾಲು ಅವತ್ತಿನ ಅಭಿವೃದ್ಧಿ. ಆಗಿನವರು ರಸ್ತೆಗೆ ಅಗಲ ಬಿಟ್ಟರು, ಮನೆಗಳ ಹಿಂದೆ ಕೊಳೆ ಸಾಗಿಸಲು ಕನ್ಸರ್ವೆನ್ಸಿ ಗಲ್ಲಿ ಬಿಟ್ಟರು. ನಾವು ಆ ಗಲ್ಲಿಗಳಿಗೆ ಶೀಟು ಹೊದಿಸಿ ಒಳಗೆ ಹಾಕಿಕೊಂಡೆವು.

ಒಂದು ಕೇರಿಯ ಗುಣ ಬರಿಯ ಕಮಾನು, ಕಂಬಗಳಲ್ಲಿ ಇರುವುದಲ್ಲ ಎಂಬುದನ್ನೂ ನಿನ್ನ ಓದು ಸರಿಯಾಗಿ ಹೇಳಿಕೊಟ್ಟಂತಿಲ್ಲ. ಮಾರುಕಟ್ಟೆಯ ಮುಖವನ್ನು ಹುಬೇಹೂಬು ಮತ್ತೆ ಕಟ್ಟಿ, ಒಳಗೆ ಬಾಡಿಗೆ ಮೂರು ಪಟ್ಟು ಮಾಡಿದರೆ ವೀಳ್ಯದೆಲೆಯವನು, ಅರಿಸಿನ ಕುಂಕುಮದ ರಾಶಿಯವನು, ಮೊಳ ಹಾಕಿ ಮಲ್ಲಿಗೆ ಮಾರುವವಳು ಯಾರೂ ಹಿಂತಿರುಗುವುದಿಲ್ಲ. ಅದಕ್ಕೇ ಯಾವ ಯೋಜನೆ ಮೇಜಿನ ಮೇಲೆ ಬಂದರೂ ಮೊದಲು ಒಂದು ಪ್ರಶ್ನೆ ಕೇಳು: ಕೆಲಸ ಮುಗಿಯುವವರೆಗೆ ಇವರು ಎಲ್ಲಿ ಕೂರುತ್ತಾರೆ, ಮುಗಿದ ಮೇಲೆ ಎಷ್ಟು ಬಾಡಿಗೆಗೆ ಒಳಗೆ ಬರುತ್ತಾರೆ? ಉತ್ತರ ಬರೆದು ಕೊಡದವರ ನಕ್ಷೆಗೆ ಸಹಿ ಹಾಕಬೇಡ.

ಆದರೆ ಅದೇ ಹೂವಿನವಳನ್ನು ಇನ್ನೊಂದು ಮಾತೂ ಕೇಳಿ ನೋಡು. ಬೆಳಗಿನಿಂದ ರಾತ್ರಿವರೆಗೆ ಕೂರುವವಳಿಗೆ ಹತ್ತಿರದಲ್ಲಿ ಶುಚಿಯಾದ ಶೌಚಾಲಯ ಇದೆಯೇ, ಬೆಂಕಿ ಬಿದ್ದರೆ ಓಡಲು ದಾರಿ ಇದೆಯೇ, ಮಳೆ ಬಂದರೆ ಚರಂಡಿ ನೀರು ಬುಟ್ಟಿಗೆ ಬರುವುದಿಲ್ಲವೇ. ಇವೆಲ್ಲ ಹೊಸದಾಗಿಯೇ ಬರಬೇಕು, ಹಳೇ ಗೋಡೆ ಒಡೆದಾದರೂ ಸರಿ. ಅವಳ ಕಷ್ಟವನ್ನು ಹಳೇ ಊರಿನ ಸೊಗಸು ಎಂದು ಫೋಟೋ ತೆಗೆಯುವವರು ಸಂಜೆಗೆ ತಮ್ಮ ಬಡಾವಣೆಗೆ ವಾಪಸು ಹೋಗುತ್ತಾರೆ.

ಯಜಮಾನರ ಕೆಲಸ ಒಪ್ಪಿಕೋ, ಆದರೆ ಪೂರ್ತಿ ಕೆಡವಿ ಕಟ್ಟುವುದೊಂದು, ಮುಂಭಾಗ ಉಳಿಸುವುದೊಂದು, ಹೀಗೆ ಎರಡು ನಕ್ಷೆ ಮಾಡುತ್ತೇನೆ ಎಂದು ಹೇಳಿ ಒಪ್ಪಿಕೋ. ಎರಡಕ್ಕೂ ಫೀಸು ಕೇಳು, ಸಂಕೋಚ ಪಡಬೇಡ. ತಾರಸಿಯ ಮೇಲೆ ಟ್ಯಾಂಕ್ ಇದ್ದರೆ ಮುಂಗಾರು ಹಿಡಿಯುವುದರೊಳಗೆ ಅದನ್ನು ಇಳಿಸಿ ಗೋಡೆಯ ಪಕ್ಕ ಬೇರೆ ಕಟ್ಟೆಯ ಮೇಲೆ ಕೂರಿಸಲು ಹೇಳು. ಸುಣ್ಣದ ಕೆಲಸ ಬಲ್ಲ ಗಾರೆಯವರು ಇನ್ನೂ ಇದ್ದಾರೆ, ನಾನು ಮಾತಾಡಿ ಕಳಿಸುತ್ತೇನೆ. ಅಳಲೆಕಾಯಿಗೆ ಆನ್‌ಲೈನಿನಲ್ಲಿ ಹುಡುಕಬೇಡ, ಮಾರುಕಟ್ಟೆ ಕಡೆ ಹೋದರೆ ಯಾವುದಾದರೂ ಗ್ರಂಧಿಗೆ ಅಂಗಡಿಯಲ್ಲಿ ಸಿಗುತ್ತದೆ.