ವಿದ್ಯಾರ್ಥಿ ರೋಬೋಟ್ ತಂಡಗಳ ಜಾಲತಾಣಕ್ಕೆ ಬಹುಮಾನ: ತೀರ್ಪುಗಾರರು ಗಮನಿಸಬೇಕಾದ ಅಂಶಗಳು



ಶಾಲಾ ವಿಜ್ಞಾನ ಪ್ರದರ್ಶನಗಳಿಗೆ ಗ್ರಾಮ ಪಂಚಾಯತಿ ಸದಸ್ಯರನ್ನು ತೀರ್ಪುಗಾರರಾಗಿ ಆಹ್ವಾನಿಸುವುದುಂಟು. ಅಟಲ್ ಟಿಂಕರಿಂಗ್ ಪ್ರಯೋಗಾಲಯಗಳು 6ರಿಂದ 12ನೇ ತರಗತಿಯವರೆಗಿನ ಮಕ್ಕಳಿಗೆ ಸಂವೇದಕ, ಮೋಟಾರು ಮುಂತಾದ ಸಾಮಗ್ರಿಗಳನ್ನು ಒದಗಿಸುತ್ತಿವೆ. ಇಂತಹ ಮಕ್ಕಳ ತಂಡವು ತನ್ನ ಕಾರ್ಯವನ್ನು ಜಾಲತಾಣದಲ್ಲಿ ದಾಖಲಿಸಿದಾಗ ಅದನ್ನು ಹೇಗೆ ಅಳೆಯಬೇಕೆಂಬುದೇ ಈ ಪಾಠದ ವಿಷಯ.

ಅಮೆರಿಕದಲ್ಲಿ ಡೀನ್ ಕೇಮನ್ ಅವರು 1989ರಲ್ಲಿ ಸ್ಥಾಪಿಸಿದ ‘ಫಸ್ಟ್’ ಸಂಸ್ಥೆಯು ತನ್ನ ರೋಬೋಟ್ ಸ್ಪರ್ಧೆಯಲ್ಲಿ ತಂಡಗಳ ಜಾಲತಾಣಕ್ಕೂ ಪ್ರತ್ಯೇಕ ಪ್ರಶಸ್ತಿ ನೀಡುತ್ತಿತ್ತು. ತಾಣವನ್ನು ವಿದ್ಯಾರ್ಥಿಗಳೇ ವಿನ್ಯಾಸಗೊಳಿಸಿ, ನಿರ್ಮಿಸಿ, ನಿರ್ವಹಿಸಿರಬೇಕೆಂಬುದು ಅದರ ತಿರುಳು. ನಮಗೂ ಇದೇ ಮೊದಲ ಅಳತೆಗೋಲಾಗಬೇಕು. ಹಣ ಕೊಟ್ಟು ಮಾಡಿಸಿದ ಹೊಳಪಿನ ತಾಣಕ್ಕೆ ಬಹುಮಾನ ಸಂದರೆ, ಸ್ವತಃ ಶ್ರಮಿಸಿದ ಮಗು ಪ್ರಾಮಾಣಿಕತೆಗೆ ಬೆಲೆಯಿಲ್ಲವೆಂದು ಕಲಿಯುತ್ತದೆ.

1. ಸ್ವಂತ ಕೆಲಸ (40 ಅಂಕ): ತಾಣದ ಒಂದು ವಾಕ್ಯವನ್ನು ತಮ್ಮೆದುರೇ ಬದಲಿಸುವಂತೆ ವಿದ್ಯಾರ್ಥಿಯನ್ನು ಕೋರಿರಿ. ನಿರ್ಮಿಸಿದವರಿಗೆ ಇದು ಕೆಲವೇ ನಿಮಿಷಗಳ ಕೆಲಸ.

2. ಪ್ರಯೋಗದ ದಾಖಲೆ (40 ಅಂಕ): ಉದಾಹರಣೆಗೆ, ಗುಳೇದಗುಡ್ಡದ ಖಣ ನೇಯುವ ಮಗ್ಗದಲ್ಲಿ ಹಾಸಿನ ಎಳೆ ಹರಿದೊಡನೆ ಗಂಟೆ ಬಾರಿಸುವ ಯಂತ್ರವನ್ನು ತಂಡವೊಂದು ರಚಿಸಿದೆ ಎಂದು ಭಾವಿಸೋಣ. ಯಂತ್ರದ ಚಿತ್ರವಷ್ಟೇ ಸಾಲದು. ಎಷ್ಟು ಬಾರಿ ಪರೀಕ್ಷಿಸಿದರು, ಎಲ್ಲಿ ವಿಫಲವಾಯಿತು, ಏನನ್ನು ತಿದ್ದಿದರು, ನೇಕಾರರು ಏನೆಂದರು ಎಂಬ ವಿವರಗಳಿರಬೇಕು. ವೈಫಲ್ಯವನ್ನು ಬರೆದಿದ್ದಕ್ಕೆ ಅಂಕ ಕಡಿತಗೊಳಿಸಬಾರದು.

3. ಓದುಗರಿಗೆ ಸುಲಭತೆ (20 ಅಂಕ): ತಾಣವನ್ನು ಸಾಧಾರಣ ಮೊಬೈಲಿನಲ್ಲಿ ತೆರೆದು ನೋಡಿರಿ. ಕನ್ನಡ ಪಠ್ಯವನ್ನು ನಕಲಿಸಿ ಸಂದೇಶದಲ್ಲಿ ಅಂಟಿಸಿರಿ. ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಮೂಡಿದರೆ ಅದು ಯುನಿಕೋಡ್ ಅಲ್ಲ. ಅಂತಹ ಬರಹ ಕನ್ನಡದಲ್ಲಿ ಹುಡುಕುವವರಿಗೆ ಸಿಗದು.

ಮಕ್ಕಳ ಸುರಕ್ಷತೆಗೆ ಅಂಕವಿಲ್ಲ. ಅದು ಸ್ಪರ್ಧೆಗೆ ಪ್ರವೇಶದ ಷರತ್ತು. ಮಕ್ಕಳ ಮೊಬೈಲ್ ಸಂಖ್ಯೆ, ಮನೆಯ ವಿಳಾಸಗಳು ತಾಣದಲ್ಲಿ ಇರಕೂಡದು. ಭಾವಚಿತ್ರಕ್ಕೆ ಪೋಷಕರ ಒಪ್ಪಿಗೆ ಪಡೆದಿರಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು 18 ವರ್ಷ ತುಂಬದವರನ್ನು ಮಕ್ಕಳೆಂದೇ ಪರಿಗಣಿಸುತ್ತದೆ. ಲೋಪ ಕಂಡುಬಂದಲ್ಲಿ ತಂಡವನ್ನು ಕೈಬಿಡುವ ಮೊದಲು ತಿದ್ದಿಕೊಳ್ಳಲು ಅವಕಾಶ ನೀಡುವುದು ಸೂಕ್ತ.

ಬಣ್ಣ, ಚಲಿಸುವ ಚಿತ್ರ, ಸಂಗೀತಗಳಿಗೆ ಪ್ರತ್ಯೇಕ ಅಂಕ ಬೇಡ. ಒಂದೇ ಗಣಕಯಂತ್ರವುಳ್ಳ ಶಾಲೆಯೂ ಸಮನಾಗಿ ಸ್ಪರ್ಧಿಸಲು ಇದು ಅವಶ್ಯಕ.

ಮೇಲಿನ ಅಂಕ ಹಂಚಿಕೆ ಕೇವಲ ಸಲಹೆ; ಸದಸ್ಯರು ಚರ್ಚಿಸಿ ಮಾರ್ಪಡಿಸಿಕೊಳ್ಳಬಹುದು. ಆದರೆ ಅಂತಿಮಗೊಳಿಸಿದ ಅಳತೆಗೋಲನ್ನು ಪ್ರದರ್ಶನಕ್ಕೆ ಮೊದಲೇ ಎಲ್ಲ ಶಾಲೆಗಳಿಗೂ ಲಿಖಿತವಾಗಿ ತಲುಪಿಸತಕ್ಕದ್ದು. ಫಲಿತಾಂಶದೊಂದಿಗೆ, ಬಹುಮಾನ ಪಡೆಯದ ತಂಡಕ್ಕೂ ಎರಡು ಸಾಲಿನ ಅಭಿಪ್ರಾಯ ಬರೆದುಕೊಡಬೇಕಾಗಿ ವಿನಂತಿ.