ಹಿತ್ತಲ ಕೋಳಿ ಸಾಕಣೆ: ಹುಂಜ ಬದಲಿಸುವಾಗ ವಹಿಸಬೇಕಾದ ಎಚ್ಚರಿಕೆ

ಹಿತ್ತಲ ಕೋಳಿಗಳಲ್ಲಿ ಕೆಲವು ಹುಂಜಗಳು ಮನುಷ್ಯರ ಮೇಲೆರಗಿ, ಕೊಕ್ಕು ಮತ್ತು ಕಾಲಿನ ಮುಳ್ಳಿನಿಂದ ಗಾಯಗೊಳಿಸುವುದುಂಟು. ಚಿಕ್ಕ ಮಕ್ಕಳ ಕಣ್ಣಿಗೆ ಇದರಿಂದ ಹೆಚ್ಚಿನ ಅಪಾಯವಿದೆ. ಹೊಡೆದರೆ ಹುಂಜವು ಮತ್ತಷ್ಟು ಕೆರಳುವುದರಿಂದ ಅದನ್ನು ಬೇರೆ ಗೂಡಿನಲ್ಲಿ ಇರಿಸಬೇಕು. 8ರಿಂದ 10 ಹೇಂಟೆಗಳಿಗೆ ಒಂದು ಹುಂಜ ಸಾಕು. ಹೆಚ್ಚಾದಲ್ಲಿ ಕಾದಾಟ ಸಹಜ. ಮರಿ ಮಾಡಿಸುವ ಉದ್ದೇಶವಿಲ್ಲದಿದ್ದರೆ ಹುಂಜದ ಅಗತ್ಯವೇ ಇಲ್ಲ. ಹೇಂಟೆಗಳು ಹುಂಜವಿಲ್ಲದೆಯೂ ಮೊಟ್ಟೆಯಿಡುತ್ತವೆ.

ಸಂತೆಯಿಂದ ತಂದ ಹೊಸ ಹುಂಜವನ್ನು ಅಂದೇ ಹಿಂಡಿಗೆ ಬಿಡುವುದು ದೊಡ್ಡ ತಪ್ಪು. ನೋಡಲು ಆರೋಗ್ಯವಾಗಿದ್ದರೂ ಅದಕ್ಕೆ ಕೊಕ್ಕರೆ ರೋಗದ ಸೋಂಕು ತಗುಲಿರಬಹುದು. ಈ ರೋಗವು ಒಂದು ಮನೆಯಿಂದ ಇಡೀ ಊರಿನ ಕೋಳಿಗಳಿಗೆ ಹರಡಬಲ್ಲದು. ಆದುದರಿಂದ ಅನುಸರಿಸಬೇಕಾದ ಕ್ರಮಗಳು:

1. ಹೊಸ ಹುಂಜವನ್ನು 30 ದಿನ ದೂರದಲ್ಲಿರಿಸಿ, ಅದರ ಮೇವು, ನೀರಿನ ಪಾತ್ರೆಗಳನ್ನು ಪ್ರತ್ಯೇಕವಾಗಿಡುವುದು.
2. ನಿತ್ಯವೂ ಮೊದಲು ಹಳೆಯ ಕೋಳಿಗಳನ್ನು, ನಂತರ ಹೊಸದನ್ನು ನೋಡಿಕೊಂಡು ಕೈ ತೊಳೆಯುವುದು.
3. ಹಳೆಯ ಹುಂಜವನ್ನು ತೆಗೆದ ಬಳಿಕ, ಹೊಸದನ್ನು ಒಂದು ವಾರ ಜಾಲರಿಯಾಚೆ ಹೇಂಟೆಗಳಿಗೆ ಕಾಣುವಂತಿರಿಸುವುದು.
4. ಕತ್ತಲಾದ ಮೇಲೆ ಗೂಡಿಗೆ ಬಿಟ್ಟು, ಬೆಳಿಗ್ಗೆ ಗಮನಿಸುವುದು.

ಸದಸ್ಯರು ಈ ವಿಷಯವನ್ನು ವಾರ್ಡ್ ಸಭೆಯಲ್ಲಿ ತಿಳಿಸಿ, ಸಮೀಪದ ಪಶು ಆಸ್ಪತ್ರೆಯ ಮೂಲಕ ಊರಿನ ಎಲ್ಲ ಕೋಳಿಗಳಿಗೂ ಒಂದೇ ಬಾರಿಗೆ ಲಸಿಕೆ ಹಾಕಿಸಲು ಮುಂದಾಗುವುದು.